ಮಾಯೆಗೆ ಸರ್ಟಿಫಿಕೇಟು ಯಾಕೆ?

ಕ್ವಾಂಟಂ ಅನ್ನುವ ಮಾತು ಬಂದರೆ ಸಾಕು, ನಮ್ಮಲ್ಲಿ ಯಾರಾದರೊಬ್ಬರು “ನೋಡಿದ್ರಾ, ಜಗತ್ತು ಮಾಯೆ ಅಂತ ಶಂಕರರು ಅಂದೇ ಹೇಳಿದ್ದರು” ಎಂದು ಟೇಬಲ್ಲು ಗುದ್ದುತ್ತಾರೆ. ಈ ಗುದ್ದಿನ ಬಗ್ಗೆ ನನಗೆ ತಕರಾರಿದೆ.

ನಾವು ನೋಡದಿದ್ದಾಗ ಚಂದ್ರ ಅಲ್ಲಿರುವುದಿಲ್ಲವೇ ಎಂಬುದು ಐನ್‌ಸ್ಟೈನರ ಪ್ರಶ್ನೆ. 1935ರಲ್ಲಿ ಪೊಡೊಲ್‌ಸ್ಕಿ, ರೋಸನ್ ಜೊತೆ ಅವರು ಬರೆದ ಲೇಖನದ ಹಿಂದಿದ್ದ ಹಟವೂ ಅದೇ. ಒಂದು ಜೊತೆ ಚಪ್ಪಲಿಯಲ್ಲಿ ಒಂದನ್ನು ಪುಣೆಗೆ, ಇನ್ನೊಂದನ್ನು ದಿಲ್ಲಿಗೆ ಪಾರ್ಸೆಲ್ ಮಾಡಿ. ಪುಣೆಯಲ್ಲಿ ಬಿಚ್ಚಿದಾಗ ಎಡಗಾಲಿನದು ಸಿಕ್ಕರೆ ದಿಲ್ಲಿಯದು ಬಲಗಾಲಿನದೆಂದು ತಕ್ಷಣ ಗೊತ್ತು. ಇದರಲ್ಲೇನು ಪವಾಡ? ಕಟ್ಟುವಾಗಲೇ ಅದು ಹಾಗಿತ್ತು. ಜೋಡಿ ಕಣಗಳೂ ಹೀಗೇ ಇರಬೇಕೆಂದು ಅವರು ನಂಬಿದ್ದರು.

1964ರಲ್ಲಿ ಜಾನ್ ಬೆಲ್ ಈ ನಂಬಿಕೆಯನ್ನು ಲೆಕ್ಕಕ್ಕೆ ಎಳೆದರು. ಉತ್ತರಗಳು ಮೊದಲೇ ನಿಗದಿಯಾಗಿದ್ದು, ಪುಣೆಯಲ್ಲಿ ಆದದ್ದು ದಿಲ್ಲಿಗೆ ತಟ್ಟದಿದ್ದರೆ, ಎರಡು ಕಡೆಯ ಹೊಂದಾಣಿಕೆಗೆ ಒಂದು ಮಿತಿ ಇರಲೇಬೇಕು. 1969ರ ಸೂತ್ರದಲ್ಲಿ ಆ ಮಿತಿ 2. ಕ್ವಾಂಟಂ ಲೆಕ್ಕ 2.83ರ ಹತ್ತಿರ ಹೋಗುತ್ತದೆ. 2015ರಲ್ಲಿ ಹಾಲೆಂಡಿನ ಡೆಲ್ಫ್ಟ್‌ನಲ್ಲಿ, 1.3 ಕಿಲೋಮೀಟರ್ ದೂರದಲ್ಲಿಟ್ಟ ಎರಡು ವಜ್ರಗಳೊಳಗಿನ ಎಲೆಕ್ಟ್ರಾನುಗಳನ್ನು ಅಳೆದಾಗ ಬಂದದ್ದು 2.42. ಚಪ್ಪಲಿ ಕಥೆ ಅಲ್ಲಿಗೆ ಮುಗಿಯಿತು. (ಈ ದಾರಿ ತೆಗೆದ ಆಸ್ಪೆ, ಕ್ಲೌಸರ್, ಝೈಲಿಂಗರ್ ಅವರಿಗೆ 2022ರಲ್ಲಿ ನೊಬೆಲ್ ಬಂತು.)

ಸರಿ, ಮುಗಿದದ್ದು ಚಪ್ಪಲಿ ಕಥೆ. ಜಗತ್ತಿನ ಕಥೆಯೇ ಮುಗಿದುಹೋಯಿತೇನ್ರಿ? ಡೆಲ್ಫ್ಟ್‌ನಲ್ಲಿ 220 ಗಂಟೆಗಳಲ್ಲಿ 245 ಅಳತೆಗಳಾದವು. ದಿಕ್ಕು ಆರಿಸಿದ್ದು ಯಂತ್ರ, ಉತ್ತರ ಬರೆದುಕೊಂಡದ್ದೂ ಯಂತ್ರ. ಯಾರೂ ಕಣ್ಣು ಬಿಟ್ಟುಕೊಂಡು ಎಲೆಕ್ಟ್ರಾನನ್ನು ಹುಟ್ಟಿಸುತ್ತಾ ಕೂತಿರಲಿಲ್ಲ. ಡೇವಿಡ್ ಬೋಮ್ 1952ರಲ್ಲಿ ಕೊಟ್ಟ ಸಿದ್ಧಾಂತದಲ್ಲಂತೂ, ನೋಡಲಿ ಬಿಡಲಿ, ಕಣಕ್ಕೆ ಒಂದು ನಿಶ್ಚಿತ ಜಾಗ ಉಂಟು. ಅದಕ್ಕೆ ತೆರಬೇಕಾದ ಬೆಲೆ ಎಂದರೆ ಇಲ್ಲಿ ಆದದ್ದು ದೂರದ ಕಣಕ್ಕೆ ತಕ್ಷಣ ತಟ್ಟುತ್ತದೆಂದು ಒಪ್ಪಬೇಕು. ಲೆಕ್ಕದ ಫಲಿತಾಂಶ ಮಾತ್ರ ಅದೇ. ಅಂದರೆ ವಾಸ್ತವ ಎಂಥದ್ದು ಎಂಬ ಜಗಳ ಇನ್ನೂ ನಡೆದಿದೆ. ವಾಸ್ತವವೇ ಇಲ್ಲ ಎಂಬ ತೀರ್ಪನ್ನು ಯಾವ ಪ್ರಯೋಗವೂ ಕೊಟ್ಟಿಲ್ಲ.

ಇನ್ನು ಶಂಕರರು. 2.42 ಬಂತೆಂದು ಅದ್ವೈತ ಗೆದ್ದರೆ, 1.9 ಬಂದಿದ್ದರೆ ಸೋಲುತ್ತಿತ್ತೇ? ಅವರ ಬ್ರಹ್ಮ ಇಂದ್ರಿಯಗಳ ಅಳತೆಗೆ ಸಿಗುವ ವಸ್ತುವೇ ಅಲ್ಲವಲ್ಲ! ಹೊರಗಿನ ವಸ್ತುವೆಲ್ಲ ಬರೀ ಮನಸ್ಸಿನದು ಎಂದ ವಿಜ್ಞಾನವಾದಿ ಬೌದ್ಧರನ್ನು (ಆ ವಿಜ್ಞಾನವೇ ಬೇರೆ) ಬ್ರಹ್ಮಸೂತ್ರ ಭಾಷ್ಯದಲ್ಲಿ ಖಂಡಿಸಿದವರೂ ಇದೇ ಶಂಕರರು. ಕಂಬ, ಗೋಡೆ, ಗಡಿಗೆ, ಬಟ್ಟೆ ಎದುರಿಗೇ ಕಾಣುತ್ತಿರುವಾಗ ಅವು ಇಲ್ಲವೆನ್ನುವುದು ಹೇಗೆ ಎಂಬುದು ಅಲ್ಲಿ ಅವರು ಹೂಡಿದ ವಾದ.