ಹರ್ಪಿಸ್: ಸೋಂಕಿಗಿಂತ ಶಂಕೆಯೇ ದೊಡ್ಡದು

ಸುಮಾರು ಇಪ್ಪತ್ತೇಳು ವರ್ಷದ ಯುವಕನೊಬ್ಬ ಈಚೆಗೆ ನನ್ನ ಕ್ಲಿನಿಕ್ಕಿಗೆ ಬಂದಿದ್ದ. ಉಳಿದ ರೋಗಿಗಳೆಲ್ಲ ಹೋಗುವವರೆಗೂ ಹೊರಗೆ ಕಾದಿದ್ದು, ಒಳಗೆ ಬಂದವನೇ ಒಂದು ಫೈಲನ್ನು ಮುಂದಿಟ್ಟ. ಅದರಲ್ಲಿ ಮೂರು ಲ್ಯಾಬುಗಳ ರಕ್ತಪರೀಕ್ಷೆಯ ವರದಿಗಳು. "ಡಾಕ್ಟ್ರೇ, ಮುಂದಿನ ತಿಂಗಳು ಮದುವೆ. ನನಗೆ ಹರ್ಪಿಸ್ ಇದೆ. ಮದುವೆ ಬೇಡ ಅಂತ ಅಪ್ಪನಿಗೆ ಹೇಗೆ ಹೇಳಲಿ?" ಎಂದ.

ವಿಚಾರಿಸಿದೆ. ನಿಶ್ಚಿತಾರ್ಥಕ್ಕೂ ಮುಂಚೆ ಪರಿಚಯದ ಯುವತಿಯೊಬ್ಬಳನ್ನು ಅಪ್ಪಿ ಮುತ್ತಿಟ್ಟಿದ್ದ. ಅದಕ್ಕಿಂತ ಮುಂದೆ ಹೋಗಿರಲಿಲ್ಲ. ಆಕೆಯ ತುಟಿಯಲ್ಲಿ ಹುಣ್ಣಿರಲಿಲ್ಲ. ನಾಲ್ಕು ತಿಂಗಳು ಕಳೆದರೂ ಇವನ ಮೈಮೇಲೆ ಒಂದು ಗುಳ್ಳೆಯೂ ಎದ್ದಿಲ್ಲ. ಇದ್ದದ್ದು ನಿದ್ದೆಗೆಟ್ಟ ಕಣ್ಣು ಮತ್ತು ಒಂದು ವರದಿಯಲ್ಲಿ 'ಐಜಿಎಂ ಪಾಸಿಟಿವ್' ಎಂಬ ಎರಡು ಪದಗಳು.

ಮೊದಲು ಒಂದು ಗೊಂದಲ ನಿವಾರಿಸೋಣ. ನಾವು ಸರ್ಪಸುತ್ತು ಎನ್ನುವುದು ಇದಲ್ಲ. ಅದು ಇದೇ ಕುಟುಂಬದ ಬೇರೊಂದು ವೈರಸ್ಸಿನಿಂದ ಬರುವಂಥದ್ದು. ಇಲ್ಲಿನ ಹರ್ಪಿಸ್ ವೈರಸ್ಸಿನಲ್ಲಿ ಎರಡು ಬಗೆ. ಜ್ವರ ಬಂದುಹೋದ ಮೇಲೆ ತುಟಿಯ ಅಂಚಿನಲ್ಲಿ ಗುಳ್ಳೆ ಎದ್ದಾಗ "ರಾತ್ರಿ ಏನೋ ಹುಳ ಹರಿದಿರಬೇಕು" ಎನ್ನುತ್ತೇವಲ್ಲ, ಅದು ಬಹುಮಟ್ಟಿಗೆ ಮೊದಲನೆಯ ಬಗೆಯದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಐವತ್ತು ವರ್ಷದೊಳಗಿನ ಪ್ರತಿ ಮೂವರಲ್ಲಿ ಸುಮಾರು ಇಬ್ಬರಲ್ಲಿ ಇದು ಇದೆ. ಹೆಚ್ಚಿನವರಿಗೆ ಬಾಲ್ಯದಲ್ಲೇ ಮನೆಯವರ ಮುದ್ದಿನಿಂದ ಬಂದದ್ದು. ಎರಡನೆಯ ಬಗೆ ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಅಪ್ಪುಗೆ, ಟವೆಲ್ಲು, ಶೌಚಾಲಯದ ಆಸನಗಳಿಗೆ ಹೆದರಬೇಕಿಲ್ಲ.

ಇನ್ನು ಪರೀಕ್ಷೆಯ ಮಾತು. ಐಜಿಎಂ ಪರೀಕ್ಷೆ ಹೊಸ ಸೋಂಕನ್ನೂ ಹಳೆಯದನ್ನೂ ಬೇರ್ಪಡಿಸಲಾರದು. ಸೋಂಕೇ ಇಲ್ಲದವರಲ್ಲೂ ಪಾಸಿಟಿವ್ ಬರುವುದುಂಟು. ಐಜಿಜಿ ಪರೀಕ್ಷೆ ಸ್ವಲ್ಪ ವಾಸಿ. ಆದರೆ ಸೋಂಕು ಯಾವಾಗ ಬಂತು, ಯಾರಿಂದ ಬಂತು ಎಂದು ಅದೂ ಹೇಳದು. ಲಕ್ಷಣಗಳಿಲ್ಲದವರಿಗೆ ಹರ್ಪಿಸ್ ರಕ್ತಪರೀಕ್ಷೆ ಬೇಡವೆಂದು ಅಮೆರಿಕದ ತಜ್ಞರ ಕಾರ್ಯಪಡೆ 2016ರಲ್ಲಿ ಹೇಳಿ, 2023ರಲ್ಲಿ ಅದನ್ನೇ ಪುನರುಚ್ಚರಿಸಿತು. ನಾನೂ ಹಿಂದೆ ರೋಗಿಯ ಒತ್ತಾಯಕ್ಕೆ ಮಣಿದು ಈ ಪರೀಕ್ಷೆ ಬರೆದುಕೊಟ್ಟವನೇ. ಅದು ಸಮಾಧಾನ ತರಲಿಲ್ಲ, ಹೊಸ ಚಿಂತೆ ತಂದಿತು. ವೈದ್ಯ ಮಿತ್ರರು ಈ ಚೀಟಿ ಬರೆಯುವುದನ್ನು ಬಿಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಯಾವಾಗ ಎಚ್ಚರ ವಹಿಸಬೇಕು? ಸಾಮಾನ್ಯವಾಗಿ ಸಂಪರ್ಕವಾದ 2ರಿಂದ 12 ದಿನಗಳಲ್ಲಿ ಉರಿ, ನೋವಿನ ಜೊತೆ ನೀರುಗುಳ್ಳೆಗಳ ಗೊಂಚಲು ಏಳುತ್ತದೆ. ಎದ್ದರೆ ನಾಚದೆ ಬೇಗ ವೈದ್ಯರಿಗೆ ತೋರಿಸಿ. ಹಸಿ ಗುಳ್ಳೆಯ ದ್ರವವನ್ನು ಪರೀಕ್ಷಿಸಿದರೆ ಖಚಿತ ಉತ್ತರ ಸಿಗುತ್ತದೆ. ವೈರಸ್ಸು ದೇಹದಲ್ಲಿ ಉಳಿಯುತ್ತದೆ, ನಿಜ. ಆದರೆ ಎಸೈಕ್ಲೋವಿರ್‌ನಂಥ ಮಾತ್ರೆಗಳು ಅದನ್ನು ಹತೋಟಿಯಲ್ಲಿಡುತ್ತವೆ. ಹರ್ಪಿಸ್ ಇದ್ದವರೂ ಮದುವೆಯಾಗಿ, ಮಕ್ಕಳನ್ನು ಪಡೆದು ಸುಖವಾಗಿದ್ದಾರೆ. ನಿಜವಾಗಿ ಕಾಳಜಿ ಬೇಕಾದದ್ದು ಹಸುಗೂಸಿಗೆ. ತುಟಿಯಲ್ಲಿ ಗುಳ್ಳೆಯಿದ್ದವರು ನವಜಾತ ಶಿಶುವಿಗೆ ಮುತ್ತಿಡಬಾರದು. ಜನನಾಂಗದಲ್ಲಿ ಗುಳ್ಳೆ ಕಂಡ ಗರ್ಭಿಣಿ ವೈದ್ಯರಿಂದ ಅದನ್ನು ಮುಚ್ಚಿಡಬಾರದು.

ಕಾಂಡೋಮ್ ಇಲ್ಲದ ಸಂಭೋಗವೇ ನಡೆದಿದ್ದರೆ ಮಾತು ಬೇರೆ. ಆಗ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಅಗತ್ಯ. ಎಚ್‌ಐವಿ ತಡೆಯುವ ಮಾತ್ರೆಯನ್ನು 72 ಗಂಟೆಗಳೊಳಗೇ ಆರಂಭಿಸಬೇಕು. ಸರ್ಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗೋಪ್ಯ.

ಎಲ್ಲ ಕೇಳಿದ ಯುವಕ ಕೊನೆಗೆ, "ನೂರಕ್ಕೆ ನೂರು ಗ್ಯಾರಂಟಿ ಕೊಡ್ತೀರಾ?" ಎಂದ. ಅಂಥ ಗ್ಯಾರಂಟಿ ಯಾವ ವೈದ್ಯನೂ ಕೊಡಲಾರ. ಅದನ್ನೇ ಬೇಡುವ ಮನಸ್ಸಿಗೆ ನಾಲ್ಕನೆಯ ವರದಿಯೂ ಸಾಲದು. ಅವನಿಗಿರುವುದು ತಪ್ಪು ಮಾಡಿದೆನೆಂಬ ಅಳುಕು. ಅದನ್ನು ರಕ್ತದಲ್ಲಿ ಹುಡುಕುತ್ತಿದ್ದಾನೆ. ಇನ್ನು ಪರೀಕ್ಷೆ ಬೇಡ, ಮದುವೆ ನಿಲ್ಲಿಸಲು ಇದು ಕಾರಣವೇ ಅಲ್ಲ ಎಂದು ಹೇಳಿ, ಹದಿನೈದು ದಿನ ಬಿಟ್ಟು ಬರಲು ತಿಳಿಸಿದೆ. ಆಗಲೂ ಚಿಂತೆ ಬಿಡದಿದ್ದರೆ ಮನೋವೈದ್ಯರನ್ನು ಕಾಣಲು ಹಿಂಜರಿಯಬಾರದೆಂದೂ ಹೇಳಿದ್ದೇನೆ.

ತಂದೆತಾಯಿಗಳಿಗೂ ಒಂದು ಮಾತು: ಮದುವೆ ಹತ್ತಿರ ಬಂದಾಗ ಮಗ ಊಟ ಬಿಟ್ಟು ಮಂಕಾಗಿ ಕೂತರೆ ಗದರಬೇಡಿ. ಪಕ್ಕದಲ್ಲಿ ಕೂತು ಕೇಳಿ.