ಹರಿಗೋಲಿನ ಹಂಗು

ಕೊಳ್ಳುವುದು ಸುಲಭ, ಕಾಪಾಡಿಕೊಳ್ಳುವುದು ಕಷ್ಟ. ಹಣವುಳ್ಳವನು ಯಾವ ವಸ್ತುವನ್ನಾದರೂ ಒಂದೇ ದಿನದಲ್ಲಿ ತನ್ನದಾಗಿಸಿಕೊಳ್ಳಬಹುದು. ಆದರೆ ದಿನದಿನವೂ ಅದರ ಕ್ಷೇಮವನ್ನು ವಿಚಾರಿಸಿಕೊಂಡಾಗ ಮಾತ್ರ ಅದು ನಿಜವಾಗಿ ಅವನದಾಗುತ್ತದೆ. ಮನೆ, ಬಾವಿ, ಬಂಡಿ, ಪುಸ್ತಕ ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ನೀರಿನ ಮೇಲೆ ಸಾಗುವ ವಾಹನಕ್ಕಂತೂ ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಬಂಡಿಯ ಗಾಲಿ ಮುರಿದರೆ ಪಯಣಿಗನು ಇಳಿದು ನಡೆಯಬಹುದು. ನಡುಹೊಳೆಯಲ್ಲಿ ದೋಣಿಯ ತಳ ಹರಿದರೆ ಇಳಿಯಲು ನೆಲವೆಲ್ಲಿದೆ?

ರಾಯಚೂರು ಸೀಮೆ ಎರಡು ಹೊಳೆಗಳ ನಡುವಣ ನಾಡು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ದೇವದುರ್ಗದ ಅನೇಕ ಹಳ್ಳಿಗಳು ಕೃಷ್ಣೆಯ ದಡದಲ್ಲಿವೆ. ಮಾನ್ವಿಯ ಅನೇಕ ಹಳ್ಳಿಗಳು ತುಂಗಭದ್ರೆಯ ದಡದಲ್ಲಿವೆ. ಕೃಷ್ಣೆಯ ನಡುವೆ ಜನವಸತಿಯುಳ್ಳ ನಡುಗಡ್ಡೆಗಳೂ ಉಂಟು. ಶ್ರೀಪಾದ ಶ್ರೀವಲ್ಲಭರ ಕ್ಷೇತ್ರವಾದ ಕುರುವಪುರ ಅಂತಹ ನಡುಗಡ್ಡೆಗಳಲ್ಲೊಂದು. ಹೊಲಕ್ಕೆ ಹೋಗುವ ರೈತ, ಸಂತೆಗೆ ಹೊರಟ ಗೃಹಿಣಿ, ಶಾಲೆಗೆ ಹೋಗುವ ಮಗು, ದೇವರ ದರ್ಶನಕ್ಕೆ ಬಂದ ಯಾತ್ರಿಕ, ಇವರೆಲ್ಲರನ್ನೂ ಹೊಳೆ ದಾಟಿಸುತ್ತ ಬಂದದ್ದು ಹರಿಗೋಲು.

ಹರಿಗೋಲು ನೋಡಲು ಒಂದು ದೊಡ್ಡ ಬುಟ್ಟಿ. ಅದಕ್ಕೆ ಹಿಂದು ಮುಂದು ಇಲ್ಲ. ಹಾಯಿ ಇಲ್ಲ, ಚುಕ್ಕಾಣಿಯೂ ಇಲ್ಲ. ಆದರೂ ಇದು ಅರಿಯದವರ ಕೆಲಸವೆಂದು ತಿಳಿಯಬಾರದು. ನಮ್ಮ ಹೊಳೆಗಳ ಪಾತ್ರ ಬಂಡೆಗಳಿಂದ ತುಂಬಿದೆ. ಆಳವಾದ ತಳವುಳ್ಳ ಮರದ ದೋಣಿ ಇಲ್ಲಿ ಕಲ್ಲಿಗೆ ಬಡಿದು ಒಡೆದೀತು. ಚಪ್ಪಟೆ ತಳದ ಹರಿಗೋಲಿಗಾದರೋ ಸ್ವಲ್ಪ ನೀರಿದ್ದರೂ ಸಾಕು. ಬಿದಿರಿನ ಹೆಣಿಗೆ ಪೆಟ್ಟು ಬಿದ್ದಾಗ ಬಾಗುತ್ತದೆಯೇ ಹೊರತು ಬೇಗನೆ ಮುರಿಯುವುದಿಲ್ಲ. ಒಬ್ಬಿಬ್ಬರೇ ಅದನ್ನು ಹೊತ್ತು ದಡಕ್ಕೆ ತರಬಹುದು. 16ನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ತುಂಗಭದ್ರೆಯಲ್ಲಿ ಇವನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಹೊರಗೆ ಚರ್ಮ ಹೊದಿಸಿದ ಈ ಬುಟ್ಟಿಗಳು ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆಂದೂ ಸುತ್ತುತ್ತ ಸುತ್ತುತ್ತಲೇ ಮುಂದೆ ಸಾಗುತ್ತವೆಂದೂ ಅವನು ಹೇಳುತ್ತಾನೆ. ಐನೂರು ವರ್ಷಗಳ ತರುವಾಯವೂ ಆ ವರ್ಣನೆಯಲ್ಲಿ ತಿದ್ದಬೇಕಾದುದು ಹೆಚ್ಚಿಲ್ಲ. ಚರ್ಮದ ಸ್ಥಾನಕ್ಕೆ ಡಾಂಬರು ಬಳಿದ ಗೋಣಿತಟ್ಟು, ಪ್ಲಾಸ್ಟಿಕ್ ಹಾಳೆಗಳು ಬಂದಿವೆ, ಅಷ್ಟೆ.

ಆದರೆ ಹರಿಗೋಲಿನ ಆಯುಸ್ಸು ಅಲ್ಪ. ನೀರು ಬಿದಿರನ್ನು ಕೊಳೆಯಿಸುತ್ತದೆ, ಹುಳು ಅದನ್ನು ಕೊರೆಯುತ್ತದೆ. ದಡಕ್ಕೆ ಬಂದಾಗಲೆಲ್ಲ ಕಲ್ಲು ತಳವನ್ನು ಉಜ್ಜುತ್ತದೆ. ಬೇಸಗೆಯ ಬಿಸಿಲು ಡಾಂಬರನ್ನು ಬಿರಿಯಿಸುತ್ತದೆ. ಆದುದರಿಂದ ಬಲ್ಲ ಅಂಬಿಗನು ಕೆಲಸ ಮುಗಿದೊಡನೆ ಹರಿಗೋಲನ್ನು ನೀರಿನಲ್ಲಿ ಬಿಟ್ಟು ಮನೆಗೆ ಹೋಗುವುದಿಲ್ಲ. ಅದನ್ನು ದಡಕ್ಕೆಳೆದು ಬೋರಲು ಹಾಕಿ ಒಣಗಿಸುತ್ತಾನೆ. ತಳದ ಮೇಲೆ ಕೈಯಾಡಿಸಿ ಸೀಳು ಬಿಟ್ಟಿದೆಯೇ ಎಂದು ನೋಡುತ್ತಾನೆ. ಸಡಿಲವಾದ ದಬ್ಬೆಯನ್ನು ಬಿಗಿಯುತ್ತಾನೆ. ತೂತಿಗೆ ತೇಪೆ ಹಚ್ಚುತ್ತಾನೆ. ಮಳೆಗಾಲಕ್ಕೆ ಮೊದಲು ಡಾಂಬರು ಕಾಯಿಸಿ ಮತ್ತೆ ಬಳಿಯುತ್ತಾನೆ. ಈ ಕೆಲಸಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಯಾರೂ ನೋಡುವುದೂ ಇಲ್ಲ. ದಾಟಿಸಿದ ಹೊತ್ತು ಮಾತ್ರ ನಮ್ಮ ಲೆಕ್ಕಕ್ಕೆ ಬರುತ್ತದೆ. ದಾಟಿಸಲು ಸಿದ್ಧಗೊಳಿಸಿದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ.

ನೀರಿನ ವಾಹನಕ್ಕೆ ಈ ಆರೈಕೆ ಎಲ್ಲೆಡೆಯೂ ಬೇಕು. ದೂರದ ಇಂಗ್ಲೆಂಡಿನ ಉದಾಹರಣೆಯನ್ನೇ ನೋಡೋಣ. ಅಲ್ಲಿ 18ನೆಯ ಶತಮಾನದಲ್ಲಿ ಸರಕು ಸಾಗಿಸಲೆಂದು ಕಾಲುವೆಗಳನ್ನು ತೋಡಿದರು. ಆ ಕಿರಿದಾದ ಕಾಲುವೆಗಳಿಗೆಂದೇ ಏಳು ಅಡಿಗಿಂತ ಹೆಚ್ಚು ಅಗಲವಿಲ್ಲದ ಉದ್ದನೆಯ ದೋಣಿಗಳು ಹುಟ್ಟಿಕೊಂಡವು. ಇಂದು ಅಂತಹ ದೋಣಿಗಳನ್ನೇ ಮನೆ ಮಾಡಿಕೊಂಡು ವಾಸಿಸುವವರಿದ್ದಾರೆ. ಅವು ಉಕ್ಕಿನವು, ಯಂತ್ರದಿಂದ ನಡೆಯುವಂಥವು. ಆದರೂ ಎರಡು ಮೂರು ವರ್ಷಗಳಿಗೊಮ್ಮೆ ಅವನ್ನು ನೀರಿನಿಂದ ಮೇಲೆತ್ತಿ, ತುಕ್ಕು ಕೆರೆದು, ತಳಕ್ಕೆ ಕಪ್ಪು ಡಾಂಬರಿನಂತಹ ಲೇಪವನ್ನು ಬಳಿಯಬೇಕು. ಕೃಷ್ಣೆಯ ಅಂಬಿಗನೂ ಇಂಗ್ಲೆಂಡಿನ ದೋಣಿಯ ಒಡೆಯನೂ ಈ ಒಂದು ಕೆಲಸದಲ್ಲಿ ಸಮಾನರು. ಅವರ ನಡುವಣ ಅಂತರ ಬೇರೆಡೆ ಇದೆ. ಅಲ್ಲಿ ನಾಲ್ಕು ವರ್ಷಗಳಿಗೊಮ್ಮೆ ಪರೀಕ್ಷಕರು ದೋಣಿಯನ್ನು ನೋಡಿ ಸುರಕ್ಷತೆಯ ಪ್ರಮಾಣಪತ್ರ ಕೊಟ್ಟ ಹೊರತು ಪರವಾನಗಿ ದೊರೆಯುವುದಿಲ್ಲ. ನಮ್ಮಲ್ಲಿ ಎಷ್ಟೋ ಕಡೆ ಅಂಬಿಗನ ಕಣ್ಣೇ ಪರೀಕ್ಷಕ. ಅವನ ಮನಸ್ಸಾಕ್ಷಿಯೇ ಪ್ರಮಾಣಪತ್ರ.

ಇಷ್ಟು ದೊಡ್ಡ ಹೊಣೆಯನ್ನು ಒಬ್ಬ ಬಡವನ ತಲೆಯ ಮೇಲೆ ಹೊರಿಸಿ ನಾವು ನಿಶ್ಚಿಂತರಾಗಿರುವುದು ನ್ಯಾಯವೇ? 2020ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆ ತುಂಬಿ ಹರಿಯುತ್ತಿದ್ದಾಗ, ರಾಯಚೂರು ತಾಲ್ಲೂಕಿನ ನಡುಗಡ್ಡೆಯೊಂದರ ಜನರಿದ್ದ ಹರಿಗೋಲು ಮಗುಚಿ ಕೆಲವರು ನೀರುಪಾಲಾದರು. ಇಂತಹ ದುರಂತ ನಡೆದಾಗ ನಾವು ನಾಲ್ಕು ದಿನ ಮರುಗುತ್ತೇವೆ. ಐದನೆಯ ದಿನ ಮರೆಯುತ್ತೇವೆ. ಮರುಕ ಒಳ್ಳೆಯದು, ಆದರೆ ಮುನ್ನೆಚ್ಚರಿಕೆ ಅದಕ್ಕಿಂತ ಒಳ್ಳೆಯದು.

ಹಿಂದೆ ಹಲವು ಊರುಗಳಲ್ಲಿ ಸುಗ್ಗಿಯ ಕಾಲಕ್ಕೆ ಅಂಬಿಗನಿಗೆ ಕಾಳು ಅಳೆದು ಕೊಡುವ ಪದ್ಧತಿ ಇತ್ತು. ಅದು ಒಂದು ದಿನದ ಬಾಡಿಗೆಯಲ್ಲ. ವರ್ಷವಿಡೀ ದೋಣಿಯನ್ನು ಸುಸ್ಥಿತಿಯಲ್ಲಿಟ್ಟದ್ದಕ್ಕೆ ಊರು ಸಲ್ಲಿಸುತ್ತಿದ್ದ ಋಣ. ಇಂದು ಆ ಪದ್ಧತಿಯನ್ನು ಹಾಗೆಯೇ ಮರಳಿ ತರಲಾಗದು. ಅದರ ಹಿಂದಿನ ವಿವೇಕವನ್ನು ತರಬಹುದು. ಹರಿಗೋಲು ನಡೆಯುವ ಊರಿನ ಪಂಚಾಯಿತಿ ಪ್ರತಿ ವರ್ಷ ಮುಂಗಾರಿಗೆ ಮೊದಲು ಅವುಗಳನ್ನು ಪರೀಕ್ಷಿಸಲಿ. ಬಿದಿರಿಗೂ ಡಾಂಬರಿಗೂ ನೆರವು ನೀಡಲಿ. ಎಷ್ಟು ಜನ ಹತ್ತಬೇಕೆಂಬುದನ್ನು ಗೊತ್ತುಪಡಿಸಲಿ; ಹತ್ತುವ ಪ್ರತಿಯೊಬ್ಬರಿಗೂ ತೇಲುಕವಚ ಒದಗಿಸಲಿ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟ ಸುದ್ದಿ ಬಂದೊಡನೆ ಹರಿಗೋಲುಗಳು ದಡವೇರಲಿ.

ಸೇತುವೆ ಕಟ್ಟಿದರೆ ಈ ಚಿಂತೆಯೇ ಇರದಲ್ಲ ಎಂದು ಕೆಲವರು ಕೇಳಬಹುದು. ನಡುಗಡ್ಡೆಯ ಜನರಿಗೆ ಸೇತುವೆ ಬೇಕೇ ಬೇಕು. ರೋಗಿಯೂ ಗರ್ಭಿಣಿಯೂ ಹೊಳೆಯ ದಯೆಗಾಗಿ ಕಾಯಬಾರದು. ಆದರೆ ಸೇತುವೆಯೂ ಆರೈಕೆಯನ್ನು ಬೇಡುತ್ತದೆ. 2019ರ ಮಹಾಪೂರದಲ್ಲಿ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆ ಮುಳುಗಿ ಸಂಚಾರ ನಿಂತುಹೋಗಿತ್ತು. ಅಂತಹ ನೆರೆ ಇಳಿದ ಮೇಲೆ ಕಂಬವನ್ನೂ ಕಟಕಟೆಯನ್ನೂ ಪರೀಕ್ಷಿಸುವ ಕಣ್ಣು ಬೇಕಲ್ಲವೇ? ಬಿದಿರಿನದಾಗಲಿ, ಕಾಂಕ್ರೀಟಿನದಾಗಲಿ, ನೋಡಿಕೊಳ್ಳುವವರಿಲ್ಲದ ವಸ್ತು ಒಂದು ದಿನ ಕೈಬಿಡುತ್ತದೆ.

ಹನ್ನೆರಡನೆಯ ಶತಮಾನದ ಶರಣರ ನಡುವೆ ಅಂಬಿಗರ ಚೌಡಯ್ಯನವರು ತಮ್ಮ ಕಾಯಕದ ಹೆಸರನ್ನೇ ತಮ್ಮ ಹೆಸರಿನ ಮುಂದಿಟ್ಟುಕೊಂಡು ತಲೆಯೆತ್ತಿ ನಿಂತರು. ಆ ಕಾಯಕಕ್ಕೆ ಅಷ್ಟು ಘನತೆ ಇದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಮಾತು ಜನರ ಬಾಯಲ್ಲಿದೆ. ಅದು ಮನುಷ್ಯನ ಕೃತಘ್ನತೆಯನ್ನು ಹಂಗಿಸುವ ಮಾತೇ ಹೊರತು ಅನುಸರಿಸಬೇಕಾದ ನೀತಿಯಲ್ಲ. ಎಳೆಯರಾದ ನೀವು ಹೊಳೆ ದಾಟುವ ಸಂದರ್ಭ ಬಂದಾಗ ತುಂಬಿದ ಹರಿಗೋಲಿಗೆ ಇನ್ನೊಬ್ಬರಾಗಿ ಹತ್ತಬೇಡಿ. ಅಂಬಿಗನು ಇಂದು ದಾಟಿಸಲಾರೆನೆಂದರೆ ಅವನೊಡನೆ ವಾದಿಸಬೇಡಿ. ದಡ ಸೇರಿದ ಮೇಲೆ ಬೋರಲು ಹಾಕಿದ ಹರಿಗೋಲಿನ ಬಳಿ ಒಂದು ಕ್ಷಣ ನಿಂತು, ಅದರ ತೇಪೆಗಳನ್ನು ನೋಡಿ. ಒಂದೊಂದು ತೇಪೆಯೂ ಯಾರದೋ ಪ್ರಾಣವನ್ನು ಕಾದಿರುತ್ತದೆ.