ಮಿದುಳಿನ ಉರಿಯೂತ: ಆರಿಸಿಬಿಟ್ಟರೆ ಸಾಕೇ?

ಸಂಧಿವಾತಕ್ಕೆಂದು ವರ್ಷಗಟ್ಟಲೆ ಉರಿಯೂತ ತಗ್ಗಿಸುವ ಮಾತ್ರೆ ನುಂಗಿದವರಲ್ಲಿ ಆಲ್ಝೈಮರ್ ಕಾಯಿಲೆ ಕಡಿಮೆ ಎಂಬುದು ವೈದ್ಯರ ಗಮನಕ್ಕೆ ಬಂದು ದಶಕಗಳೇ ಕಳೆದಿವೆ. ಹಾಗಾದರೆ ಆ ಮಾತ್ರೆಯನ್ನೇ ಮೊದಲೇ ಕೊಟ್ಟು ಕಾಯಿಲೆ ತಡೆಯಬಾರದೇಕೆ? ಅಮೆರಿಕದಲ್ಲಿ ಎಪ್ಪತ್ತು ದಾಟಿದ, ಮನೆತನದಲ್ಲಿ ಈ ಕಾಯಿಲೆ ಕಂಡಿದ್ದ ಸುಮಾರು 2,500 ಮಂದಿಯನ್ನು ಸೇರಿಸಿಕೊಂಡು ಪರೀಕ್ಷಿಸಿಯೇ ನೋಡಿದರು. ಕೆಲವರಿಗೆ ನ್ಯಾಪ್ರೋಕ್ಸೆನ್, ಕೆಲವರಿಗೆ ಸೆಲೆಕಾಕ್ಸಿಬ್, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಹೃದಯಕ್ಕೆ ಅಪಾಯವಾದೀತೆಂಬ ಆತಂಕದಿಂದ 2004ರ ಡಿಸೆಂಬರಿನಲ್ಲಿ ಮಾತ್ರೆ ನಿಲ್ಲಿಸಿದರು. ಮರೆವು ತಡೆಯುವಲ್ಲಿ ಅವುಗಳಿಂದ ಪ್ರಯೋಜನವೇನೂ ಕಾಣಲಿಲ್ಲ.

ಯಾಕೆ ಹೀಗಾಯಿತೆಂದು ತಿಳಿಯಲು ಮಿದುಳಿನ ಉರಿಯೂತದ ಹಿಂದಿರುವ ಮೈಕ್ರೋಗ್ಲಿಯಾ ಎಂಬ ಕೋಶಗಳ ಪರಿಚಯ ಬೇಕು. ಸ್ಪೇನಿನ ಪಿಯೊ ಡೆಲ್ ರಿಯೊ ಒರ್ಟೆಗಾ 1919ರಲ್ಲಿ ಇವುಗಳನ್ನು ಬೇರೆಯಾಗಿ ಗುರುತಿಸಿದರು. ಇವು ನರಕೋಶಗಳಲ್ಲ, ಮಿದುಳಿನಲ್ಲೇ ನೆಲೆಸಿರುವ ರೋಗನಿರೋಧಕ ಕೋಶಗಳು. ಬದುಕಿರುವ ಇಲಿಯ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ 2005ರ ಪ್ರಯೋಗಗಳು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತವೆ. ಕೋಶದ ದೇಹ ಇದ್ದಲ್ಲೇ ಇರುತ್ತದೆ, ಸುತ್ತ ಚಾಚಿದ ತೆಳು ಕವಲುಗಳು ಮಾತ್ರ ಎಡೆಬಿಡದೆ ಅತ್ತಿತ್ತ ತಡಕುತ್ತಿರುತ್ತವೆ. ಲೇಸರಿನಿಂದ ಒಂದು ಚುಕ್ಕೆಯಷ್ಟು ಗಾಯ ಮಾಡಿದರೆ ಕೆಲವೇ ನಿಮಿಷಗಳಲ್ಲಿ ಅಕ್ಕಪಕ್ಕದ ಕವಲುಗಳೆಲ್ಲ ಅಲ್ಲಿಗೆ ಚಾಚಿ, ಗಾಯವನ್ನು ಸುತ್ತುವರಿದುಬಿಡುತ್ತವೆ.

ಆಲ್ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಗಂಟುಗಟ್ಟುವ ಕಡೆಯೂ ಇವು ಹೀಗೇ ಸುತ್ತುಗಟ್ಟುತ್ತವೆ. ಈ ಕೆಲಸಕ್ಕೆ ಟ್ರೆಮ್2 ಎಂಬ ಜೀನು ಬೇಕು. ಅದರಲ್ಲಿ ಒಂದು ಅಪರೂಪದ ದೋಷವಿದ್ದವರಿಗೆ ಆಲ್ಝೈಮರ್ ಬರುವ ಸಂಭವ ಹಲವು ಪಟ್ಟು ಹೆಚ್ಚೆಂದು 2013ರಲ್ಲಿ ತಿಳಿಯಿತು. ಕಾವಲು ಸಡಿಲವಾದರೆ ಕಾಯಿಲೆ ಹೆಚ್ಚುತ್ತದೆ ಎಂದಾಯಿತು.

ಆದರೆ ವರ್ಷಗಟ್ಟಲೆ ಕೆರಳಿಯೇ ಇರುವ ಮೈಕ್ರೋಗ್ಲಿಯಾ ಹಾನಿಯನ್ನೂ ಮಾಡುತ್ತವೆ. ಅವು ಸೂಸುವ ರಾಸಾಯನಿಕಗಳು ನರಕೋಶಗಳನ್ನು ಪೋಷಿಸಬೇಕಾದ ಆಸ್ಟ್ರೋಸೈಟ್ ಎಂಬ ಕೋಶಗಳನ್ನೇ ನರಕೋಶಗಳ ಮೇಲೆ ತಿರುಗಿಬೀಳುವಂತೆ ಮಾಡಬಲ್ಲವು. ಇದನ್ನು 2017ರಲ್ಲಿ ತೋರಿಸಿದ್ದು ಸ್ಟ್ಯಾನ್‌ಫರ್ಡ್‌ನ ಬೆನ್ ಬ್ಯಾರಿಸ್ ತಂಡ. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಇಂಥ ಕೆರಳಿದ ಮೈಕ್ರೋಗ್ಲಿಯಾ ಕಂಡದ್ದು ಇನ್ನೂ ಹಿಂದೆ, 1988ರಲ್ಲಿ.

ಹೀಗಾಗಿ ಉರಿಯೂತವನ್ನು ಸಾರಾಸಗಟಾಗಿ ಅಡಗಿಸುವುದು ಚಿಕಿತ್ಸೆಯಾಗಲಾರದು. ಯಾವ ಹಂತದಲ್ಲಿ, ಯಾವ ಕೋಶದ, ಯಾವ ಗುಣವನ್ನು ತಡೆಯಬೇಕು, ಯಾವುದನ್ನು ಬಲಪಡಿಸಬೇಕು ಎಂಬುದೇ ಈಗಿನ ಹುಡುಕಾಟ. ಅದೂ ಸುಲಭವಲ್ಲ. ಟ್ರೆಮ್2ಗೆ ಬಲ ತುಂಬಲೆಂದು ರೂಪಿಸಿದ ಒಂದು ಔಷಧ 2024ರಲ್ಲಿ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ಸೋತಿತು. ಅಮಿಲಾಯ್ಡ್ ಶೇಖರವಾಗುವುದು ಮರೆವು ಕಾಣಿಸುವುದಕ್ಕೆ ಹದಿನೈದು-ಇಪ್ಪತ್ತು ವರ್ಷ ಮೊದಲೇ. ಹಾಗಾಗಿ ಔಷಧ ತಡವಾಗಿ ತಲುಪುತ್ತಿದೆಯೇ ಎಂಬ ಸಂಶಯ ನನಗೆ ಬಲವಾಗಿಯೇ ಇದೆ. ಅಮೆರಿಕದಲ್ಲಿ 2023ರಲ್ಲಿ ಅನುಮತಿ ಪಡೆದ ಲೆಕಾನೆಮ್ಯಾಬ್ ಎಂಬ ಔಷಧ ಕೂಡ ಅಮಿಲಾಯ್ಡ್‌ಗೆ ಅಂಟಿಕೊಂಡು, ಅದನ್ನು ತೆಗೆಯುವ ಕೆಲಸವನ್ನು ಬಹುಪಾಲು ಮೈಕ್ರೋಗ್ಲಿಯಾಗೇ ಬಿಡುತ್ತದೆ. ಅದು ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ, ನಿಲ್ಲಿಸುವುದಿಲ್ಲ. ಕೆಲವರಲ್ಲಿ ಮಿದುಳಿನ ಊತ, ಸಣ್ಣ ರಕ್ತಸ್ರಾವವೂ ಆಗುತ್ತದೆ.

ಮನೆಯ ಹಿರಿಯರಿಗೆ ಮರೆವು ಬಾರದಿರಲೆಂದು ಯಾರದೋ ಮಾತು ಕೇಳಿ ಉರಿಯೂತ ತಗ್ಗಿಸುವ ನೋವಿನ ಮಾತ್ರೆಯನ್ನು ದಿನವೂ ಕೊಡಬೇಡಿ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಬಂದೀತು. ಅದರ ಬದಲು ಅವರ ಬಿಪಿ, ಸಕ್ಕರೆ ಹತೋಟಿಯಲ್ಲಿಡಿ, ಕಿವಿ ಮಂದವಾಗಿದ್ದರೆ ತೋರಿಸಿ. ಮರೆವಿನ ಅಪಾಯವನ್ನು ಇವು ತಗ್ಗಿಸಬಲ್ಲವು ಎನ್ನಲು ಇಂದು ಆಧಾರವಿದೆ.